ಜಂಬಕ್ಕನ ಪಾಳಿ

ಕಂಪ್ಲಿ
6 ಜುಲೈ 2025

ಮಗಳು ಸ್ಫೂರ್ತಿಗೆ,

ವಿರೂಪಾಕ್ಷನನ್ನು ನೆನೆದು ಪೆನ್ನು ಹಿಡಿದಿದ್ದೇನೆ. ಫೋನು ಕೈಲಿದ್ದೂ ಅವ್ವ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಫೋನಿನಲ್ಲಿ ನನಗೂ ಬಾಯಿ ಮುಂದೆ, ನಿನಗೂ ಬಾಯಿ ಮುಂದೆ. ಗಂಗಾವತಿಯ ಸಂಬಂಧದ ವಿಷಯಕ್ಕೆ ಹೋದ ತಿಂಗಳು ನಾನೊಂದು ಅಂದೆ, ನೀನೊಂದು ಅಂದೆ, ಮೊದಲು ಫೋನ್ ಇಟ್ಟವರು ಯಾರು ಎಂಬುದು ದೇವರಿಗೇ ಗೊತ್ತು. ಕಾಗದದಲ್ಲಿ ಹಾಗಲ್ಲ. ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಸುಮ್ಮನಿರಲೇಬೇಕು.

ಸಂಬಂಧದ ಮಾತು ಇದರಲ್ಲಿಲ್ಲ. ಜಂಬಕ್ಕನ ಮಾತಿದೆ.

ಅವಳ ಗಂಟಲಲ್ಲಿ ಗಂಟು ಬೆಳೆದಿದೆ. ಬಳ್ಳಾರಿಗೆ ಕರೆದುಕೊಂಡು ಹೋಗಿದ್ದೆವು. ಕೊಯ್ದು ತೆಗೆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು ಡಾಕ್ಟರು. ಜಂಬಕ್ಕ ಕೇಳಿದ್ದು ಒಂದೇ ಮಾತು. "ಶ್ರಾವಣ ಮುಗಿಯೋತನಕ ತಡೀತದೇನ್ರಿ?" ಡಾಕ್ಟರು ಒಲ್ಲೆ ಎಂದರು, ಬೈದರು, ಕಡೆಗೆ ಸೆಪ್ಟೆಂಬರ್ ಮೊದಲ ವಾರದಾಚೆ ಒಂದು ದಿನವೂ ಇಲ್ಲ ಎಂದು ಬರೆದುಕೊಟ್ಟರು.

ನಮ್ಮ ಗುಡಿಯ ಸಪ್ತಾಹ ನಿನಗೆ ಗೊತ್ತು. ಏಳು ದಿನ ಹಗಲು ರಾತ್ರಿ ಶಿವನಾಮ ನಿಲ್ಲುವಂತಿಲ್ಲ. ಕೊನೆಯ ದಿನ ಬೆಳಗಿನ ಪಾಳಿ ಜಂಬಕ್ಕನದು. ದೇವರನ್ನು ಎಬ್ಬಿಸುವ ಆ ಪದವನ್ನು ಅವಳ ಅತ್ತೆ ಅವಳಿಗೆ ಹೇಳಿಕೊಟ್ಟದ್ದು. ಮಾತು ನಮಗೆಲ್ಲ ಬರುತ್ತದೆ, ಮಟ್ಟು ಬರುವುದಿಲ್ಲ. ಎರಡನೇ ನುಡಿಯಲ್ಲಿ ದನಿ ಕೆಳಗಿಳಿದು ಹೊಳ್ಳಿ ಏಳುವ ಜಾಗ ಒಂದಿದೆ. ಅಲ್ಲಿ ನಾವೆಲ್ಲ ಬಿದ್ದುಹೋಗುತ್ತೇವೆ.

ನೀನು ಪುಟ್ಟ ಬೋರ್ಡು, ತಂತಿ ಇಟ್ಟುಕೊಂಡು ಏನೇನೋ ಮಾಡುತ್ತೀಯಲ್ಲ, ದನಿ ಹಿಡಿದಿಡುವಂಥದ್ದು ಆಗುತ್ತದೆಯೇ? ಗುಡಿಯೊಳಗೆ ಮೊಬೈಲ್ ತರಬಾರದೆಂದು ಗುಡಿ ನೋಡಿಕೊಳ್ಳುವ ಚನ್ನಯ್ಯ ಬೋರ್ಡು ಹಾಕಿದ್ದಾನೆ. ಹೋದ ವರ್ಷ ಯಾರದೋ ಫೋನು ಮಂಗಳಾರತಿಯಲ್ಲಿ ಸಿನಿಮಾ ಹಾಡು ಹೇಳಿತು.

ಅಪ್ಪನಿಗೆ ಕೆಮ್ಮು ಕಮ್ಮಿ.

ಇಂತಿ ಅವ್ವ,
ಪಂಪಮ್ಮ


ಸಂಡೂರು
15 ಜುಲೈ 2025

ಅವ್ವ,

ಆಗುತ್ತದೆ.

ಪರಶುರಾಮ್ ಅಣ್ಣನ ಅಂಗಡಿಯಲ್ಲಿ ಲಾರಿ ತೂಕದ ಯಂತ್ರಗಳ ಕೆಲಸ ಸಂಜೆಗೆ ಮುಗಿಯುತ್ತದೆ. ಆಮೇಲೆ ಮೇಜು ನನ್ನದು. ಅದಿರಿನ ಧೂಳು ಒಳಗೆ ಹೋಗಬಾರದೆಂದು ಯಂತ್ರಗಳಿಗೆ ಹಾಕುವ ಬಿಗಿ ಡಬ್ಬಿಯೊಂದು ಉಳಿದಿತ್ತು. ಅದರಲ್ಲೇ ಕೂರಿಸುತ್ತಿದ್ದೇನೆ.

ಹೇಗೆಂದು ನೀನು ಕೇಳಿಯೇ ಕೇಳುತ್ತೀ. ಒಳಗಿನ ಬೋರ್ಡು ಚುರುಕು, ಆದರೆ ಅದಕ್ಕೆ ಸ್ವಂತ ನೆನಪು ಇಲ್ಲವೇ ಇಲ್ಲ ಎನ್ನಬೇಕು. ಒಂದು ನುಡಿ ಕೇಳಿ ಮುಗಿಯುವ ಮೊದಲೇ ತುಂಬಿಹೋಗುತ್ತದೆ. ಅದಕ್ಕೆ ಉಗುರಿನಷ್ಟಗಲದ ಮೆಮೊರಿ ಕಾರ್ಡ್ ಜೋಡಿಸುತ್ತೇನೆ. ಕಾರ್ಡು ಎಂದರೆ ನಿಮ್ಮ ಪಕ್ಕದ ಅಕ್ಕಿ ಗಿರಣಿಯ ಗೋದಾಮು ಎಂದುಕೋ. ಜಾಗ ಬೇಕಾದಷ್ಟಿದೆ. ಆದರೆ ಚೀಲ ತಂದು ಕಂಡಲ್ಲಿ ಒಗೆದರೆ ಮರುದಿನ ಯಾರ ನೆಲ್ಲು ಎಲ್ಲಿದೆ ಎಂದು ಸಿಗುವುದಿಲ್ಲ. ಗಿರಣಿಯವರು ಬಾಗಿಲ ಹತ್ತಿರ ಸೀಮೆಸುಣ್ಣದಲ್ಲಿ ಬರೆಯುತ್ತಾರಲ್ಲ, ಇಂಥವರ ಮಾಲು, ಇಲ್ಲಿಂದ ಶುರು, ಇಷ್ಟು ಚೀಲ ಎಂದು, ಅಂಥ ವ್ಯವಸ್ಥೆಗೆ ಫೈಲ್ ಸಿಸ್ಟಂ ಎನ್ನುತ್ತಾರೆ. ಅದನ್ನು ನನ್ನ ಬೋರ್ಡಿಗೆ ಕಲಿಸಬೇಕು. ಕಲಿಸುತ್ತಿದ್ದೇನೆ.

ಬರೆಯುವಾಗ ಹಸಿರು ದೀಪ ಮಿಣುಕುತ್ತದೆ. ಒಂದೊಂದು ತಾಸಿಗೆ ಒಂದು ಫೈಲು ಮಾಡಲೇ?

ನಾನು ಆಫೀಸಿನಲ್ಲಿದ್ದೇನೆಂದು ಓಣಿಯಲ್ಲಿ ಹೇಳಿದ್ದೀಯಂತೆ. ಮೊನ್ನೆ ರೇಣುಕಮ್ಮತ್ತೆ ಇಲ್ಲಿಗೆ ಬಂದಾಗ ಸಿಕ್ಕಿದ್ದಳು. ಕೈ ನೋಡಿ ಕೇಳಿದಳು, "ಇದ್ಯಾವ ಆಫೀಸವ್ವ, ಉಗುರೆಲ್ಲ ಕರ್ರಗಾಗ್ಯಾವ?"

ನಿನ್ನ
ಸ್ಫೂರ್ತಿ


ಕಂಪ್ಲಿ
24 ಜುಲೈ 2025

ಸ್ಫೂರ್ತಿಗೆ,

ಇವತ್ತು ಭೀಮನ ಅಮಾವಾಸ್ಯೆ. ಅಪ್ಪನ ಪಾದಪೂಜೆ ಮುಗಿಸಿ ಬರೆಯುತ್ತಿದ್ದೇನೆ. ಅವರು ಕಾಲು ನೀಡಿ ಕೂತು, "ಜಲ್ದಿ ಮಾಡು, ಅಂಗಡಿಯಾಗ ಗಿರಾಕಿ ನಿಂತಾರ" ಎಂದರು. ಪ್ರತಿ ವರ್ಷ ಇದೇ ಮಾತು.

ಗೋದಾಮಿನ ಮಾತು ತಿಳಿಯಿತು. ಹೊನ್ನೂರಮ್ಮನ ಗಂಡ ಅಲ್ಲೇ ಹಮಾಲಿ ಮಾಡಿದವನು, ಅವನಿಗೂ ಓದಿ ಹೇಳಿದೆ. "ನಿಮ್ಮ ಹುಡುಗಿ ಒಂದಿನ ಬಂದ್ರ ನಮ್ಮ ಗುಮಾಸ್ತಗ ಕೆಲಸಿಲ್ಲ ಬಿಡ್ರಿ" ಎಂದ.

ತಾಸಿಗೊಂದು ಮಾಡುವುದು ಬ್ಯಾಡ ಮಗಳೇ. ಇದು ಅಖಂಡ ಭಜನೆ. ಎಲ್ಲಿಯೂ ಕಡಿಯಬಾರದೆಂದೇ ಊರು ನಿದ್ದೆಗೆಟ್ಟು ಕೂರುವುದು. ನಾವು ಉಸಿರು ಕಟ್ಟಿ ಒಂದಾಗಿಡುವುದನ್ನು ನೀನು ಅಲ್ಲಿ ಕೂತು ಸೌತೆಕಾಯಿಯಂತೆ ಹೆಚ್ಚಿಡುವುದು ನನ್ನ ಮನಸ್ಸಿಗೆ ಬರುವುದಿಲ್ಲ. ಶುರುವಿನಿಂದ ಮಂಗಳದವರೆಗೆ ಒಂದೇ ಇರಲಿ.

ಆಫೀಸಿನ ವಿಷಯಕ್ಕೆ ಆಮೇಲೆ ಬರೆಯುತ್ತೇನೆ.

ಅವ್ವ


ಸಂಡೂರು
31 ಜುಲೈ 2025

ಅವ್ವ,

ಪೆಟ್ಟಿಗೆಯನ್ನು ಬಸ್ಸಿನ ಕಂಡಕ್ಟರ್ ಯಲ್ಲೇಶನ ಕೈಲಿ ಕಳಿಸಿದ್ದೇನೆ. ಕೆಂಪು ಗುಂಡಿ ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ಮುಗಿಯಿತು. ಕರೆಂಟು ಹೋದರೂ ಬ್ಯಾಟರಿ ಇದೆ.

ನೀನು ಹೇಳಿದಂತೆ ಒಂದೇ ಫೈಲು. ನನಗೂ ಅದೇ ಸರಿ ಎನಿಸಿತು. ಇಲ್ಲಿ ಒಂದು ರಾತ್ರಿಯಿಡೀ ಓಡಿಸಿ ನೋಡಿದೆ. ಬೆಳಿಗ್ಗೆ ಕೇಳಿದರೆ ನಾಯಿ ಬೊಗಳಿದ್ದು, ಅದಿರಿನ ಲಾರಿ ಹೋದದ್ದು, ನಾನು ನಿದ್ದೆಯಲ್ಲಿ ಏನೋ ಅಂದದ್ದು, ಎಲ್ಲ ಇತ್ತು. ಕಾರ್ಡಿನಲ್ಲಿ ಏಳು ದಿನಕ್ಕಾಗಿ ಮಿಗುವಷ್ಟು ಜಾಗವಿದೆ, ಲೆಕ್ಕ ಹಾಕಿದ್ದೇನೆ.

ಜಂಬಕ್ಕಜ್ಜಿಗೆ ನನ್ನ ನಮಸ್ಕಾರ ಹೇಳು. ರಜೆ ಸಿಗಲಿಲ್ಲ. ಸಿಕ್ಕಿದ್ದರೂ ಬರುತ್ತಿದ್ದೆನೋ ಇಲ್ಲವೋ.

ಸ್ಫೂರ್ತಿ


ಕಂಪ್ಲಿ
12 ಆಗಸ್ಟ್ 2025

ನನ್ನ ಸ್ಫೂರ್ತಿ,

ಮಂಗಳವಾಯಿತು. ಏಳು ದಿನದ ನಿದ್ದೆ ಕಣ್ಣಲ್ಲಿದೆ, ಆದರೂ ಬರೆಯದೆ ಮಲಗಲಾರೆ.

ಮೊದಲ ದಿನ ಪೆಟ್ಟಿಗೆ ಕಂಡು ಚನ್ನಯ್ಯ ಕಣ್ಣು ಕೆಕ್ಕರಿಸಿದ. "ಇದೇನು ಪಂಪಮ್ಮ, ಗುಡಿಯಾಗ ಕರೆಂಟ್ ಮೀಟರ್ ತಂದಿಟ್ಟೀಯಲ್ಲ?" "ಮೀಟರ್ ಅಲ್ಲ, ಇದೂ ಒಬ್ಬಾಕಿ ಭಜನಿಗೆ ಬಂದಾಳ. ಬಾಯಿಲ್ಲ, ಕಿವಿ ಅಷ್ಟ ಐತಿ. ನಿಮ್ಮಂಥವರಕಿಂತ ಚಲೋ" ಎಂದೆ. ಹೆಂಗಸರೆಲ್ಲ ನಕ್ಕರು, ಅವನೂ ನಕ್ಕ. ಗುಂಡಿ ಒತ್ತಿ, ವಿಭೂತಿ ಹಚ್ಚಿ, ನಂದಿಯ ಪಕ್ಕ ಇಟ್ಟೆ. ಹಸಿರು ದೀಪ ಮಿಣಮಿಣ ಎನ್ನುತ್ತ ಕೂತವರ ಕಣ್ಣು ಅತ್ತಲೇ ಎಳೆಯುತ್ತಿತ್ತು. ಅದಕ್ಕೆ ಅದರ ಮೇಲೆ ಬಿಲ್ವಪತ್ರೆ ಏರಿಸಿದೆ. ದಿನಾ ಬೆಳಿಗ್ಗೆ ಹಳೆಯದರ ಮೇಲೆ ಹೊಸ ಪತ್ರೆ.

ನಿನ್ನೆ ಬೆಳಗಿನ ಪಾಳಿಗೆ ಜಂಬಕ್ಕನನ್ನು ಇಬ್ಬರು ಹಿಡಿದು ತಂದು ಕೂರಿಸಿದರು. ತಾಳ ಕೈಗೆ ಬಂದ ಮೇಲೆ ಯಾರೂ ಹಿಡಿಯಬೇಕಾಗಲಿಲ್ಲ. ದನಿ ಅಲ್ಲಲ್ಲಿ ಗೀರಿದಂತಿತ್ತು. ಆದರೆ ಎರಡನೇ ನುಡಿಯಲ್ಲಿ ಇಳಿದು ಹೊಳ್ಳಿ ಎದ್ದಳಲ್ಲ, ಹೊರಗೆ ಚಪ್ಪಲಿ ಬಿಡುತ್ತಿದ್ದವರು ಬಿಟ್ಟಲ್ಲೇ ನಿಂತರು. ಮುಗಿಸಿ ನನ್ನನ್ನು ಕರೆದು ಕೇಳಿದಳು, "ಹಿಡೀತೇನು ನಿನ್ನ ಮಗಳ ಪೆಟಿಗಿ?" ನಾನೆಂದೆ, "ಹಿಡೀದ ಎಲ್ಲಿಗೆ ಹೋಗ್ತೈತಿ? ನನ್ನ ಮಗಳ ಕೈ ಅದು."

ಎಲ್ಲರೆದುರು ಹಾಗೆಂದೆ. ಆಫೀಸು ಎನ್ನಲಿಲ್ಲ. ಸಂಡೂರಿನಾಗ ಯಂತ್ರ ರಿಪೇರಿ ಮಾಡ್ತಾಳ ಎಂದೆ.

ಕಾರ್ಡು ಯಲ್ಲೇಶನ ಕೈಲಿದೆ. ಜಂಬಕ್ಕನ ಪದವೊಂದನ್ನು ಬೇಗ ತೆಗೆದು ಕಳಿಸು.

ಹೆಮ್ಮೆಯಿಂದ,
ಅವ್ವ


ಸಂಡೂರು
14 ಆಗಸ್ಟ್ 2025

ಅವ್ವ,

ಹೇಗೆ ಬರೆದರೂ ಅದೇ ಆಗುವುದರಿಂದ ನೇರ ಬರೆಯುತ್ತೇನೆ. ಜಂಬಕ್ಕಜ್ಜಿಯ ಪದ ಕಾರ್ಡಿನಲ್ಲಿಲ್ಲ. ಎರಡನೇ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ನಿಂತುಹೋಗಿದೆ. ಅದರಾಚೆ ಒಂದು ಉಸಿರೂ ಇಲ್ಲ.

ಕಾರ್ಡು ತುಂಬಿರಲಿಲ್ಲ. ಮುಕ್ಕಾಲಿಗೂ ಹೆಚ್ಚು ಖಾಲಿ ಇದೆ. ತಪ್ಪು ಬೇರೆ ಕಡೆ. ಬಾಗಿಲ ಹತ್ತಿರದ ಸೀಮೆಸುಣ್ಣದ ಬರಹ ಹೇಳಿದ್ದೆನಲ್ಲ, ಅಲ್ಲಿ ಒಂದೊಂದು ಫೈಲಿನ ಉದ್ದ ಬರೆಯಲು ಇಷ್ಟೇ ಅಗಲದ ಮನೆ ಎಂದು ಮೊದಲೇ ಗೆರೆ ಎಳೆದಿರುತ್ತಾರೆ. ಸಣ್ಣ ಬೋರ್ಡುಗಳಿಗೆ ತಿಳಿಯುವ ಈ ಹಳೆಯ ಪದ್ಧತಿಯಲ್ಲಿ ನಾಲ್ಕು ಜಿಬಿಗಿಂತ ದೊಡ್ಡ ಅಂಕಿ ಆ ಮನೆಯಲ್ಲಿ ಹಿಡಿಸುವುದಿಲ್ಲ. ಗೋದಾಮು ಎಷ್ಟೇ ದೊಡ್ಡದಿರಲಿ, ಒಬ್ಬರ ಹೆಸರಿಗೆ ಅದಕ್ಕಿಂತ ಹೆಚ್ಚು ಚೀಲ ಇಡುವಂತಿಲ್ಲ. ನನ್ನ ಬೋರ್ಡು ಅಲ್ಲಿಗೆ ಬಂದು ಬರೆಯಲಾಗದೆ ಕೂತುಬಿಟ್ಟಿತು.

ಇದು ನನಗೆ ತಿಳಿದ ವಿಷಯ. ಡಿಪ್ಲೊಮಾದಲ್ಲಿ ಓದಿದ್ದೇನೆ. ಕಾರ್ಡಿನ ಜಾಗ ಲೆಕ್ಕ ಹಾಕಿದೆ, ಫೈಲಿನ ಉದ್ದ ಲೆಕ್ಕ ಹಾಕಲಿಲ್ಲ. ಒಂದು ರಾತ್ರಿ ಓಡಿಸಿದವಳು ಎರಡು ದಿನ ಓಡಿಸಬೇಕಿತ್ತು. ತಪ್ಪು ನನ್ನದು. ಜಂಬಕ್ಕಜ್ಜಿಗೆ ನಾನೇ ಹೇಳುತ್ತೇನೆ, ನೀನು ಹೇಳಬೇಡ.

ಸ್ಫೂರ್ತಿ


ಕಂಪ್ಲಿ
18 ಆಗಸ್ಟ್ 2025

ಮಗಳೇ,

ನಿನ್ನ ಕಾಗದ ಓದಿ ಮಡಚಿದೆ, ಮತ್ತೆ ಬಿಚ್ಚಿದೆ. ಏನನ್ನು ಹುಡುಕುತ್ತಿದ್ದೆ ಎಂದರೆ, ಪತ್ರೆಯ ಮಾತನ್ನು. ದೀಪ ಆರಿದ್ದು ಯಾರಿಗೂ ಕಾಣದಂತೆ ಮುಚ್ಚಿದವಳು ನಾನು. ಒಂದೇ ಇರಲಿ ಎಂದು ಹಟ ಹಿಡಿದವಳೂ ನಾನು. ನೀನು ಎರಡನ್ನೂ ಬರೆಯಲಿಲ್ಲ. ನಿನ್ನ ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು, "ಯಾರ ಮಗಳು" ಎಂದರು ಅಷ್ಟೆ.

ಜಂಬಕ್ಕನಿಗೆ ನಾನೇ ಹೇಳಿದೆ. ನೀನು ಬರುವವರೆಗೆ ಕಾಯುವಷ್ಟು ದಿನ ಅವಳ ಹತ್ತಿರ ಇಲ್ಲ. ಹೂ ಕಟ್ಟುತ್ತಿದ್ದಳು. ಕಟ್ಟುತ್ತಲೇ ಕೇಳಿದಳು. "ಹೋಗ್ಲಿ ಬಿಡು, ಕೇಳಬೇಕಾದವ ಕೇಳ್ಯಾನ" ಎಂದಳು. ಮನೆಯಲ್ಲೇ ಕೂತು ಒಮ್ಮೆ ಹಾಡು, ಹುಡುಗಿ ಪೆಟ್ಟಿಗೆ ಸರಿ ಮಾಡಿ ಕಳಿಸುತ್ತಾಳೆ ಎಂದೆ. ಒಲ್ಲೆ ಎಂದಳು.

"ಬರೇ ಹಾಡಿದ್ರ ಅದು ಹಾಡು, ಪಂಪಿ. ಪಾಳಿಯಾಗ ಹಾಡಿದ್ರ ಸೇವಾ. ತಾಳ ಒಬ್ಬಾಕಿ ಕೈಯಿಂದ ಬರಬೇಕು, ಒಬ್ಬಾಕಿ ಕೈಗೆ ಹೋಗಬೇಕು. ನನ್ನ ಕೈಯಾಗ ಹುಟ್ಟಿ ನನ್ನ ಕೈಯಾಗ ಸಾಯೋ ಪದ ನಾ ಹಾಡಂಗಿಲ್ಲ."

ಅವಳ ಮಾತು ಸುಳ್ಳಲ್ಲ. ಪಾಳಿ ಬದಲಾಗುವುದನ್ನು ನೀನು ಎಷ್ಟು ಸಲ ನೋಡಿಲ್ಲ? ಹೋಗುವವಳು ನಿಲ್ಲಿಸಿದ ಮೇಲೆ ಬರುವವಳು ಹಿಡಿಯುವುದಲ್ಲ. ಬರುವವಳು ಮೊದಲು ಪಕ್ಕದಲ್ಲಿ ಕೂತು ದನಿ ಕೂಡಿಸಬೇಕು. ಇಬ್ಬರ ದನಿಯೂ ಒಂದಾದ ಮೇಲೆ ತಾಳ ಕೊಡಬೇಕು. ಆಮೇಲೇ ಮೊದಲಿನವಳು ಬಾಯಿ ಮುಚ್ಚಬೇಕು. ಹೀಗೆ ಮಾಡುವುದರಿಂದಲೇ ಎಷ್ಟು ಕೈ ಬದಲಾದರೂ ಭಜನೆ ಕಡಿಯುವುದಿಲ್ಲ.

ಅಲ್ಲಿಂದ ಎದ್ದವಳೇ ಚನ್ನಯ್ಯನ ಮನೆಗೆ ಹೋದೆ. ಸಪ್ತಾಹ ಬೇಡ, ಒಂದೇ ದಿನದ ಭಜನೆ ಇಡೋಣ, ಜಂಬಕ್ಕನಿಗೊಂದು ಪಾಳಿ ಸಿಗಲಿ ಎಂದೆ.

"ವರ್ಷಕ್ಕ ಒಮ್ಮೆ ಅಂತ ಹಿರಿಯರು ಮಾಡ್ಯಾರ. ನಿನ್ನ ಮಗಳ ಡಬ್ಬಿ ಕೆಟ್ಟೈತಂತ ದೇವರು ಇನ್ನೊಮ್ಮೆ ಕುಂದರಬೇಕೇನು?"

"ದೇವರು ಎದ್ದಿದ್ರಲ್ಲೇನು ಇನ್ನೊಮ್ಮೆ ಕುಂದ್ರೋದು? ಅವ ಕುಂತ ಅದಾನ. ಎದ್ದು ಮನಿಗೆ ಬಂದವರು ನಾವು."

ಚನ್ನಯ್ಯ ಎದ್ದು ಹೋಗಿ ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ ಬಂದ. "ಮತ್ತ ಪೆಟಿಗಿ ಕೈ ಕೊಟ್ರ?" ಎಂದ. "ಕೊಡಂಗಿಲ್ಲ" ಎಂದೆ. ಯಾವ ಧೈರ್ಯದ ಮೇಲೆ ಎಂದೆನೋ. ಗೌರಿ ಹಬ್ಬದ ಹಿಂದಿನ ದಿನ, ಸೋಮವಾರ, ಒಪ್ಪಿದ್ದಾನೆ.

ಅವ್ವ


ಸಂಡೂರು
20 ಆಗಸ್ಟ್ 2025

ಅವ್ವ,

ಕಾಗದ ಮಧ್ಯಾಹ್ನ ಬಂತು. ತಾಳ ಕೊಡುವ ಸಾಲು ಓದಿ ಅಲ್ಲೇ ನಿಲ್ಲಿಸಿ ಎದ್ದುಹೋದೆ. ಉಳಿದದ್ದನ್ನು ಸಂಜೆ ಓದಿದೆ.

ಫೈಲು ಕಡಿಯಲೇಬೇಕು, ಬೇರೆ ದಾರಿಯಿಲ್ಲ. ನನ್ನ ಚಿಂತೆ ಇದ್ದದ್ದು ಕಡಿಯುವ ಜಾಗದ್ದು. ಹಳೆಯ ಫೈಲು ಮುಚ್ಚಿ ಹೊಸದು ತೆರೆಯುವ ಸಂದಿಯಲ್ಲಿ ಒಂದು ಅಕ್ಷರ ಬಿದ್ದುಹೋದರೂ ನಿಮಗೆ ಅದು ಅಖಂಡವಲ್ಲ. ಈಗ ಮಾಡಿದ್ದು ಇಷ್ಟು: ಮೊದಲು ಹೊಸ ಫೈಲು ತೆರೆಯುತ್ತದೆ. ಸ್ವಲ್ಪ ಹೊತ್ತು ಒಂದೇ ದನಿ ಎರಡರಲ್ಲೂ ಬರೆಯಲಾಗುತ್ತದೆ. ಆಮೇಲೆ ಹಳೆಯದು ಮುಚ್ಚುತ್ತದೆ. ಚಿಕ್ಕಂದಿನಿಂದ ಗುಡಿಯ ಕಂಬಕ್ಕೊರಗಿ ನೋಡಿದ್ದೇನೆ, ಹೊಳೆದಿರಲಿಲ್ಲ.

ಮೂರು ದಿನ ನಿಲ್ಲಿಸದೆ ಓಡಿಸುತ್ತೇನೆ. ಪಾಳಿ ಬದಲಾದಾಗ ಒತ್ತಲು ಬಿಳಿ ಗುಂಡಿ ಇಟ್ಟಿದ್ದೇನೆ, ಅದು ನಿನ್ನ ಕೆಲಸ. ಬರೆಯುವುದು ನಿಂತರೆ ದೀಪ ಆರುವುದಷ್ಟೇ ಅಲ್ಲ, ಡಬ್ಬಿ ನಡುಗುತ್ತದೆ. ಏನು ಬೇಕಾದರೂ ಏರಿಸು.

ಈ ಸಲ ಯಲ್ಲೇಶ ಬೇಡ. ನಾನೇ ತರುತ್ತೇನೆ.

ಸ್ಫೂರ್ತಿ


ಸಂಡೂರು
31 ಆಗಸ್ಟ್ 2025

ಅವ್ವ,

ಸಂಡೂರು ಮುಟ್ಟಿದೆ. ಕುರೆಕುಪ್ಪದಲ್ಲಿ ಬಸ್ಸು ಕೆಟ್ಟು ನಿಂತಾಗ ಸೋಮವಾರದ ಭಜನೆಯನ್ನು ಕಿವಿಗೆ ಹಚ್ಚಿಕೊಂಡು ಕೇಳಿದೆ.

ಜಂಬಕ್ಕಜ್ಜಿಯ ಫೈಲು ರೇಣುಕಮ್ಮತ್ತೆಯ ದನಿಯಿಂದ ಶುರುವಾಗುತ್ತದೆ. ಅಜ್ಜಿಯ ದನಿ ಕೆಳಗಿನಿಂದ ಬಂದು ಕೂಡುತ್ತದೆ, ತಾಳ ಕೈ ಬದಲಾದ ಸದ್ದೂ ಇದೆ. ಆಮೇಲೆ ಅಜ್ಜಿ ಒಬ್ಬಳೇ. ಪೂರ್ತಿ ಇದೆ ಅವ್ವ. ಇಳಿದು ಏಳುವ ಜಾಗವೂ ಇದೆ, ಅಲ್ಲಿ ಯಾರೋ ಬಿಕ್ಕಿದ್ದೂ ಇದೆ.

ಕೊನೆಯಲ್ಲಿ ಅವಳ ಜೊತೆ ನಿನ್ನ ದನಿ ಸೇರುತ್ತದೆ. ಅವಳು ತಾಳ ಕೊಟ್ಟದ್ದು ನಿನಗಲ್ಲವೇ. ನೀನು ಅಡಿಗೆಮನೆಯಲ್ಲಿ ಹಾಡುವುದನ್ನೂ ಬೈಯುವುದನ್ನೂ ಕೇಳಿ ಬೆಳೆದವಳು ನಾನು. ಇಷ್ಟು ಹತ್ತಿರದಿಂದ ಕೇಳಿರಲಿಲ್ಲ. ಬಸ್ಸು ರಿಪೇರಿಯಾಗಿ ಹೊರಟ ಮೇಲೂ ಅಷ್ಟನ್ನೇ ತಿರುಗಿಸಿ ಕೇಳಿದೆ.

ಪ್ರತಿಯನ್ನು ಇನ್ನೊಂದು ಕಾರ್ಡಿನಲ್ಲೂ ಪರಶುರಾಮ್ ಅಣ್ಣನ ಹಳೆಯ ಹಾರ್ಡ್‌ಡಿಸ್ಕಿನಲ್ಲೂ ಇಟ್ಟಿದ್ದೇನೆ. ಒಂದು ನಿನಗೆ. ಇದೇ ಪೆಟ್ಟಿಗೆಗೆ ಸ್ಪೀಕರ್ ಹಾಕಿ ಕಳಿಸುತ್ತಿದ್ದೇನೆ, ಈಗ ಅದಕ್ಕೆ ಬಾಯಿಯೂ ಬಂದಿದೆ.

ಬಸ್‌ಸ್ಟ್ಯಾಂಡಿನಲ್ಲಿ ನೀನು ಏನೋ ಹೇಳಲು ಬಾಯಿ ತೆರೆದು ಬಾಳೆಹಣ್ಣು ಕೊಟ್ಟೆ. ಹಣ್ಣು ಚೆನ್ನಾಗಿದ್ದವು.

ನಿನ್ನ
ಸ್ಫೂರ್ತಿ


ಕಂಪ್ಲಿ
9 ಸೆಪ್ಟೆಂಬರ್ 2025

ಸ್ಫೂರ್ತಿಗೆ,

ಜಂಬಕ್ಕನ ಜೀವಕ್ಕೆ ಭಯವಿಲ್ಲ. ಆಪರೇಷನ್ ಕೋಣೆಗೆ ಒಯ್ಯುವ ಮುಂಚೆ ನರ್ಸಿಗೆ ಹೇಳಿದ ಮಾತೇ ಕೊನೆಯ ಮಾತು: "ತಣ್ಣಗೈತವ್ವ, ಹಚ್ಚಡ ಹೊಚ್ಚು."

ಗಂಗಾವತಿಯವರಿಗೆ ಬೇರೆ ಕಡೆ ನೋಡಿಕೊಳ್ಳಿ ಎಂದು ಅಪ್ಪ ಹೇಳಿ ಕಳಿಸಿದ್ದಾರೆ. ಯಾಕೆಂದು ನೀನು ಕೇಳಬೇಡ. ನಾನೇ ಹೇಳಿಸಿದ್ದು.

ಅವ್ವ


ಕಂಪ್ಲಿ
28 ಅಕ್ಟೋಬರ್ 2025

ನನ್ನ ಸ್ಫೂರ್ತಿ,

ನಿನ್ನೆ ಕಾರ್ತಿಕದ ಮೊದಲ ಸೋಮವಾರ. ಜಂಬಕ್ಕ ಮನೆಯಿಂದ ಹೊರಗೆ ಬಂದಳು. ಕುತ್ತಿಗೆಗೆ ಸೆರಗು ಸುತ್ತಿಕೊಂಡು, ಯಾರನ್ನೂ ಹಿಡಿಯದೆ, ಗುಡಿಯ ಮೆಟ್ಟಿಲು ಹತ್ತಿದಳು.

ಅವಳಿಗೆ ಸಂತೋಷವಾಗಲೆಂದು ಪೆಟ್ಟಿಗೆ ತಂದು ಮುಂದಿಟ್ಟು ಅವಳ ಪದ ಹಾಕಿದೆ. ಗುಡಿ ತುಂಬ ಜನ. ಚನ್ನಯ್ಯ ಕಣ್ಣೊರೆಸಿಕೊಂಡ. ಕಂಪ್ಲಿಗೆ ಹೊಸದಾಗಿ ಬಂದ ಹೈಸ್ಕೂಲ್ ಮೇಷ್ಟ್ರು, "ಇದನ್ನ ಯಾವ ಕಂಪನಿಯವರು ಮಾಡ್ಯಾರ್ರಿ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಚನ್ನಯ್ಯ, "ಕಂಪನಿ ಎಲ್ಲೀದು ಸರ, ನಮ್ಮ ಕೊಟ್ರಯ್ಯನ ಮಗಳು. ಸಂಡೂರಿನಾಗ ಲಾರಿ ತೂಗೋ ಯಂತ್ರಕ್ಕ ಬುದ್ಧಿ ಹೇಳ್ತಾಳ" ಎಂದ. ತಾನೇ ಹೆತ್ತವನಂತೆ ಹೇಳಿದ. ನಾನು ಸೆರಗು ಸರಿ ಮಾಡಿಕೊಂಡು ಕೂತೆ. ಹೇಳುವವರು ಬೇರೆ ಇರುವಾಗ ನಾನೇಕೆ ಹೇಳಲಿ?

ಎಲ್ಲರೂ ಜಂಬಕ್ಕನ ಮುಖ ನೋಡುತ್ತಿದ್ದರು. ಅತ್ತಾಳು ಎಂದುಕೊಂಡಿದ್ದೆವು. ಅಳಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದವಳು ಎರಡನೇ ನುಡಿ ಮುಗಿದ ಕೂಡಲೇ ಕೈ ಚಾಚಿ ಗುಂಡಿ ಒತ್ತಿ ನಿಲ್ಲಿಸಿಬಿಟ್ಟಳು. ತನ್ನ ದನಿ ಕೇಳಲಾಗಲಿಲ್ಲವೇನೋ ಎಂದು ಪೆಟ್ಟಿಗೆ ತೆಗೆದಿಡಲು ಕೈ ಹಾಕಿದೆ. ಅವಳು ತಾಳ ತೆಗೆದು ನನ್ನ ಕೈಗಿಟ್ಟು, ಗದ್ದ ಎತ್ತಿ ಹಾಡು ಎಂದು ಸನ್ನೆ ಮಾಡಿದಳು.

ಅಷ್ಟು ಜನರ ಮುಂದೆ ಹಾಡಿದೆ. ಇಳಿಯುವ ಜಾಗಕ್ಕೆ ಬಂದು ಎಂದಿನಂತೆ ಬಿದ್ದೆ. ಜಂಬಕ್ಕ ತಲೆ ಅಡ್ಡ ಆಡಿಸಿದಳು. ಪೆಟ್ಟಿಗೆಯಲ್ಲಿ ಅಷ್ಟನ್ನೇ ಮತ್ತೆ ಹಾಕಿಸಿದಳು, ನಿಲ್ಲಿಸಿದಳು, ನನಗೆ ಬೊಟ್ಟು ಮಾಡಿದಳು. ಹಾಡಿದೆ. ಮತ್ತೆ ಅಡ್ಡ ಆಡಿಸಿದಳು. ಮುಂಚೆಯೆಲ್ಲ ಕೇಳಿದರೆ, "ನಿನಗ ಬರಂಗಿಲ್ಲ ಬಿಡ" ಎಂದು ಬಾಯಿ ಮುಚ್ಚಿಸುತ್ತಿದ್ದವಳು. ಈಗ ಬಿಡುವುದೇ ಇಲ್ಲ. ದೀಪಕ್ಕೆ ಎಣ್ಣೆ ಹಾಕಲು ಬಂದವರು ಹಾಕಿ ಹೋದರು, ಪ್ರಸಾದ ಹಂಚಿ ಮುಗಿಯಿತು, ರೇಣುಕಮ್ಮ ಆಕಳಿಸಿದಳು. ಜಂಬಕ್ಕ ಗುಂಡಿ ಒತ್ತುತ್ತಲೇ ಇದ್ದಳು, ನಾನು ಬೀಳುತ್ತಲೇ ಇದ್ದೆ, ಅವಳು ತಲೆ ಆಡಿಸುತ್ತಲೇ ಇದ್ದಳು.

ಕೊನೆಗೊಂದು ಸಲ ಆಡಿಸಲಿಲ್ಲ.

ನಿನ್ನ ಅವ್ವ,
ಪಂಪಮ್ಮ